ಶೇರ್ಡ್ ಮೆಮೊರಿಯಲ್ಲಿಟ್ಟ ಟ್ರೀ ಇನ್ನೊಂದು ಪ್ರೋಸೆಸ್‌ಗೆ ಸಿಗುತ್ತಿಲ್ಲ

ಪ್ರಶ್ನೆ (ಪೀಣ್ಯದಿಂದ):
ಎಲ್ಲರಿಗೂ ನಮಸ್ಕಾರ. ಇಲ್ಲಿನ ಸಣ್ಣ ಕಾರ್ಖಾನೆಯೊಂದರ ಬಿಡಿಭಾಗಗಳ ದಾಸ್ತಾನಿಗಾಗಿ ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಭಾಗಗಳನ್ನು ಸಂಖ್ಯೆಯ ಪ್ರಕಾರ ಟ್ರೀಗೆ, ಅಂದರೆ ಬೇಗ ಹುಡುಕಲು ಕವಲುಗಳಾಗಿ ಜೋಡಿಸಿದ ರಚನೆಗೆ, ಸೇರಿಸುತ್ತದೆ, ಇನ್ನೊಂದು ಓದಿ ಪರದೆಯ ಮೇಲೆ ತೋರಿಸುತ್ತದೆ. ಸಿ ಲೈಬ್ರರಿಯಲ್ಲಿ ಟ್ರೀ ಕಟ್ಟಿಕೊಡುವ ಟಿಸರ್ಚ್ ಫಂಕ್ಷನ್ ಬಳಸಿ, ರೂಟ್ ಪಾಯಿಂಟರನ್ನೂ (ಟ್ರೀಯ ಬುಡದ ವಿಳಾಸ) ದಾಖಲೆಗಳನ್ನೂ ಶೇರ್ಡ್ ಮೆಮೊರಿಯಲ್ಲಿ (ಹಲವು ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ಇರಿಸಿದ್ದೇನೆ. ಫೋರ್ಕ್ ಮಾಡಿ (ಪ್ರೋಸೆಸ್‌ನ ನಕಲಾಗಿ ಮಗು ಪ್ರೋಸೆಸ್ ಹುಟ್ಟಿಸಿ) ನೋಡಿದಾಗ ಎಲ್ಲವೂ ಸರಿಯಾಗಿತ್ತು. ಓದುವ ಪ್ರೋಗ್ರಾಮನ್ನು ಬೇರೆ ಟರ್ಮಿನಲ್‌ನಿಂದ ಶುರುಮಾಡಿದರೆ ಮೊದಲ ಹುಡುಕಾಟದಲ್ಲೇ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ವಿಳಾಸ ಮುಟ್ಟಿ ಪ್ರೋಗ್ರಾಂ ನಿಂತುಹೋಗುವುದು) ಆಗುತ್ತಿದೆ. ಆ ಮೆಮೊರಿಯನ್ನು ಪ್ರೋಸೆಸ್‌ಗೆ ಜೋಡಿಸುವ ಎಮ್‌ಮ್ಯಾಪ್‌ಗೆ ಮ್ಯಾಪ್_ಫಿಕ್ಸೆಡ್ (ನಾನು ಹೇಳಿದ ವಿಳಾಸದಲ್ಲೇ ಜೋಡಿಸು ಎಂಬ ಆಯ್ಕೆ) ಕೊಟ್ಟರೆ ಸರಿಹೋದೀತೇ?

ಉತ್ತರ 1 (ಮಲ್ಲೇಶ್ವರದಿಂದ):
ಸರಿಹೋಗದು. ಟಿಸರ್ಚ್ ತನ್ನ ನೋಡ್‌ಗಳಿಗೆ (ಟ್ರೀಯ ಒಂದೊಂದು ಗಂಟು) ಬೇಕಾದ ಜಾಗವನ್ನು ತಾನೇ ಮ್ಯಾಲಕ್‌ನಿಂದ ಪಡೆದುಕೊಳ್ಳುತ್ತದೆ. ಆದ್ದರಿಂದ ನೀವು ದಾಖಲೆಗಳನ್ನು ಎಲ್ಲಿಟ್ಟರೂ ನೋಡ್‌ಗಳು ಮಾತ್ರ ಬರೆಯುವ ಪ್ರೋಸೆಸ್‌ನ ಖಾಸಗಿ ಹೀಪ್‌ನಲ್ಲೇ (ಮ್ಯಾಲಕ್ ಜಾಗ ಕೊಡುವ ಮೆಮೊರಿ) ಉಳಿದಿವೆ. ಫೋರ್ಕ್ ಆದಾಗ ಮಗುವಿಗೆ ಆ ಹೀಪ್‌ನ ಪ್ರತಿ ಸಿಕ್ಕಿದ್ದರಿಂದ ಕೆಲಸ ನಡೆದಂತೆ ಕಂಡಿದೆ. ಫೋರ್ಕ್ ಆದ ಮೇಲೆ ಸೇರಿಸಿದ ಭಾಗವೊಂದನ್ನು ಮಗುವಿನಲ್ಲಿ ಹುಡುಕಿ ನೋಡಿ, ಬಣ್ಣ ಬಯಲಾಗುತ್ತದೆ.

ಮ್ಯಾಪ್_ಫಿಕ್ಸೆಡ್ ಕೊಟ್ಟರೆ ಆ ವಿಳಾಸದಲ್ಲಿ ಮೊದಲೇ ಇದ್ದ ಮ್ಯಾಪಿಂಗ್ ಸದ್ದಿಲ್ಲದೆ ಅಳಿದುಹೋಗುತ್ತದೆ. ಅದರ ಬದಲು ನೋಡ್‌ಗಳನ್ನೂ ಶೇರ್ಡ್ ಮೆಮೊರಿಯಲ್ಲೇ ಇಟ್ಟು, ಎಡ, ಬಲ ಎಂಬ ಪಾಯಿಂಟರ್‌ಗಳ ಜಾಗದಲ್ಲಿ ಆ ಪ್ರದೇಶದ ಆರಂಭದಿಂದ ಎಷ್ಟು ಬೈಟ್ ದೂರ ಎಂಬ ಆಫ್‌ಸೆಟ್ ಬರೆದಿಡಿ. ಪ್ರತಿ ಪ್ರೋಸೆಸ್ ತನಗೆ ಸಿಕ್ಕ ಆರಂಭದ ವಿಳಾಸಕ್ಕೆ ಅದನ್ನು ಕೂಡಿಸಿಕೊಳ್ಳಲಿ. ಆರಂಭದಲ್ಲಿ ಹೆಡರ್ ಇಟ್ಟರೆ 0 ಎಂಬ ಆಫ್‌ಸೆಟ್‌ನಲ್ಲಿ ಯಾವ ನೋಡೂ ಇರದ ಕಾರಣ ಅದನ್ನೇ ನಲ್ (ಮುಂದೆ ನೋಡ್ ಇಲ್ಲ ಎಂಬ ಗುರುತು) ಎಂದು ಬಳಸಬಹುದು.

ಉತ್ತರ 2 (ಬಸವನಗುಡಿಯಿಂದ):
ಒಂದು ಪ್ರೋಸೆಸ್ ಬದಲಿಸುವಾಗ ಇನ್ನೊಂದು ಮುಟ್ಟದಂತೆ ತಡೆಯುವ ಲಾಕ್ (ಮ್ಯೂಟೆಕ್ಸ್) ಮರೆಯಬೇಡಿ. ಮ್ಯೂಟೆಕ್ಸನ್ನು ಶೇರ್ಡ್ ಮೆಮೊರಿಯಲ್ಲಿಟ್ಟರೆ ಸಾಲದು, ಅದರ ಆಟ್ರಿಬ್ಯೂಟ್‌ನಲ್ಲಿ ಪ್ರೋಸೆಸ್_ಶೇರ್ಡ್ (ಹಲವು ಪ್ರೋಸೆಸ್‌ಗಳು ಬಳಸುವಂಥದ್ದು) ಎಂದು ಹೇಳಿರಬೇಕು. ಜೊತೆಗೆ ರೋಬಸ್ಟ್ ಕೂಡ ಇರಲಿ. ನಮ್ಮ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಬರೆಯುವ ಪ್ರೋಸೆಸ್‌ಗೆ ಕಿಲ್ -9 ಕೊಟ್ಟು (ಬಲವಂತವಾಗಿ ನಿಲ್ಲಿಸಿ) ಕಾಫಿಗೆ ಹೋದರು. ಅದು ಲಾಕ್ ಹಿಡಿದುಕೊಂಡೇ ಸತ್ತಿದ್ದರಿಂದ ಓದುವವರೆಲ್ಲ ಕಾಯುತ್ತಲೇ ಉಳಿದರು. ರೋಬಸ್ಟ್ ಇದ್ದಿದ್ದರೆ ಮುಂದಿನವನಿಗೆ ಲಾಕ್ ಹಿಡಿದವನು ಸತ್ತಿದ್ದಾನೆ ಎಂದು ತಿಳಿಸುವ ಇಓನರ್‌ಡೆಡ್ ಎಂಬ ಸೂಚನೆ ಬರುತ್ತಿತ್ತು. ಆದರೆ ರೊಟೇಶನ್ (ಟ್ರೀಯ ಸಮತೋಲಕ್ಕಾಗಿ ನೋಡ್‌ಗಳನ್ನು ಮರುಜೋಡಿಸುವುದು) ನಡುವೆ ನಿಂತುಹೋದ ಟ್ರೀಯನ್ನು ಅದು ರಿಪೇರಿ ಮಾಡಿಕೊಡುವುದಿಲ್ಲ, ಆ ಹೊಣೆ ನಿಮ್ಮದೇ.

ಉತ್ತರ 3 (ವಿಜಯನಗರದಿಂದ):
ದಾಸ್ತಾನು ಎಂದಿರಿ, ಕರೆಂಟ್ ಹೋದರೂ ಲೆಕ್ಕ ಉಳಿಯಬೇಕಲ್ಲವೇ? ಶಮ್_ಓಪನ್‌ನಿಂದ ಪಡೆದ ಶೇರ್ಡ್ ಮೆಮೊರಿ ರೀಬೂಟ್‌ಗೆ ಮಾಯವಾಗುತ್ತದೆ. ಎಲ್‌ಎಂಡಿಬಿ ಎಂಬ ಡೇಟಾಬೇಸ್ ಲೈಬ್ರರಿಯನ್ನು ನೋಡಿ. ಅದು ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಅದರಲ್ಲೇ ಇಡುವ ಬಿ-ಪ್ಲಸ್ ಟ್ರೀ (ಪುಟಗಳಾಗಿ ಜೋಡಿಸಿದ ಟ್ರೀ). ಬದಲಾಗುವ ಪುಟಗಳನ್ನು ನಕಲು ಮಾಡಿಯೇ ಬರೆಯುವುದರಿಂದ ಓದುವವರು ಬರೆಯುವವನಿಗಾಗಿ ಕಾಯಬೇಕಿಲ್ಲ, ಅರ್ಧಕ್ಕೆ ನಿಂತ ಬದಲಾವಣೆಯೂ ಕಣ್ಣಿಗೆ ಬೀಳದು. ಒಂದು ಹೊತ್ತಿಗೆ ಬರೆಯುವವನು ಒಬ್ಬನೇ ಎಂಬ ಕಟ್ಟುಪಾಡು ನಿಮಗೆ ತೊಂದರೆಯಾಗದು. ಮ್ಯಾಪ್‌ನ ಗಾತ್ರ ಮೊದಲಿಗೆ 10 ಎಂಬಿ ಮಾತ್ರ, ಹೆಚ್ಚಿಸಿಕೊಳ್ಳಿ. ಓದುವ ಟ್ರಾನ್ಸಾಕ್ಷನ್ನನ್ನು (ಒಂದು ಸಲದ ಓದಿನ ಶುರುವಿನಿಂದ ಮುಚ್ಚುವವರೆಗಿನ ಕೆಲಸ) ತೆರೆದೇ ಬಿಟ್ಟರೆ ಹಳೆಯ ಪುಟಗಳು ಮರುಬಳಕೆಗೆ ಸಿಗದೆ ಫೈಲ್ ಉಬ್ಬುತ್ತಾ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಮಲ್ಲೇಶ್ವರದವರು ಹೇಳಿದಂತೆ ನೋಡಿದೆ. ಫೋರ್ಕ್ ನಂತರ ಸೇರಿಸಿದ ಭಾಗ ಮಗುವಿಗೆ ಕಾಣಲೇ ಇಲ್ಲ. ಲೆಕ್ಕ ಉಳಿಯಲೇಬೇಕಾದ್ದರಿಂದ ಎಲ್‌ಎಂಡಿಬಿಗೆ ಬದಲಾಯಿಸುತ್ತಿದ್ದೇನೆ. ಪರದೆಯ ಪ್ರೋಗ್ರಾಂ ಪ್ರತಿ ಸಲ ಓದಿ ಮುಗಿಸಿದ ಕೂಡಲೇ ಟ್ರಾನ್ಸಾಕ್ಷನ್ ಮುಚ್ಚುವಂತೆ ಈಗಾಗಲೇ ತಿದ್ದಿದ್ದೇನೆ.