ಆರಾಧನೆಗೆ ಒಪ್ಪುವ ಹಾಡು ಯಾವುದು? – ಓದುಗರ ಸ್ಪಂದನ

ಮಂಗಳೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ಹಂಚಿಕೊಂಡಿದ್ದರು. ಅವರು ಹನ್ನೆರಡು ವರ್ಷಗಳಿಂದ ತಮ್ಮ ಕ್ರೈಸ್ತ ಸಭೆಯ (ಚರ್ಚಿನ) ಗಾಯನ ಮಂಡಳಿಯನ್ನು ನಡೆಸುತ್ತಿದ್ದಾರೆ. ಯುವಜನರು ಡ್ರಮ್ಸ್ ಮತ್ತು ಗಿಟಾರ್ ತಂದು, ಸಿನಿಮಾ ಹಾಡುಗಳ ಧಾಟಿಗೆ ಭಕ್ತಿಯ ಮಾತುಗಳನ್ನು ಹೊಂದಿಸಿ ಹಾಡತೊಡಗಿದ ಮೇಲೆ ಕೆಲವು ಹಿರಿಯರು ಆರಾಧನೆಗೆ ಬರುವುದನ್ನೇ ನಿಲ್ಲಿಸಿದ್ದಾರೆ. ಅವರಲ್ಲಿ ಇವರ ತಂದೆಯೂ ಒಬ್ಬರು. ದೇವರಿಗೆ ಮೆಚ್ಚುಗೆಯಾಗುವ ಸಂಗೀತ ಯಾವುದೆಂದು ಅವರು ಕೇಳಿದ್ದರು.

ಪ್ರಿಯ ಸಹೋದರಿ,

ನಿಮ್ಮ ತಂದೆಯವರ ನೋವು ನನಗೆ ಅರ್ಥವಾಗುತ್ತದೆ, ಏಕೆಂದರೆ ನಾನೂ ಹಳೆಯ ಗೀತೆಗಳನ್ನು ಕೇಳುತ್ತಲೇ ಬೆಳೆದವಳು. ಆದರೂ ಅವರಿಗೆ ಒಂದು ಮಾತನ್ನು ವಿನಯದಿಂದ ನೆನಪಿಸಬೇಕೆನಿಸುತ್ತದೆ. ನಾವು ಇಂದು ಸಭೆಯ ಸ್ವಂತ ಸಂಗೀತವೆಂದು ಕಾಪಾಡಿಕೊಂಡು ಬಂದಿರುವ ಧಾಟಿಗಳಲ್ಲಿ ಅನೇಕವು, 1834ರಲ್ಲಿ ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದ ಮೇಲೆ ಯುರೋಪಿನಿಂದ ಬಂದವು. ಅದೇ ಮಿಶನ್ನಿನ ಕಿಟ್ಟೆಲರು ತಮ್ಮ ನಿಘಂಟು ಹೊರಬರುವುದಕ್ಕೆ ಮೂರು ದಶಕ ಮೊದಲೇ, 1862ರಲ್ಲಿ, ಯೇಸುಸ್ವಾಮಿಯ ಜೀವನವನ್ನು ಈ ನೆಲದ ಹಾಡುಗಾರಿಕೆಗೆ ಒಗ್ಗುವ ಪದ್ಯಗಳಲ್ಲಿ ಬರೆದು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಪರದೇಶದ ಧಾಟಿ ಕನ್ನಡದ ಬಾಯಿಗೆ ಸಾಲದೆಂದು ಆ ಕಾಲದಲ್ಲೇ ಅವರಿಗೆ ತೋರಿದ್ದಿರಬೇಕು ಎಂದು ನಾನು ಭಾವಿಸುತ್ತೇನೆ.

ಇದು ಬರಿಯ ಅಭಿಮಾನದ ಮಾತಲ್ಲ. ಜರ್ಮನ್ ಧಾಟಿಯಲ್ಲಿ ಒತ್ತು ಬೀಳುವ ಕಡೆ ಕನ್ನಡದ ಹ್ರಸ್ವಾಕ್ಷರ ಬಂದರೆ ಅದನ್ನು ಎಳೆಯದೆ ಗತಿಯಿಲ್ಲ. ನಮ್ಮ ಭಾಷೆಯಲ್ಲಿ ಹ್ರಸ್ವವನ್ನು ಎಳೆದರೆ ಅರ್ಥವೇ ಬೇರೆಯಾಗುತ್ತದೆ. ನಾನು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದಾಗ, ದೇವರ ‘ಬಲ’ವನ್ನು ಕೊಂಡಾಡುವ ಸಾಲೊಂದನ್ನು ನಾವೆಲ್ಲ ‘ಬಾಲ’ ಎಂದು ಎಳೆದು ಹಾಡುತ್ತಿದ್ದುದರಿಂದ, ಅದು ಬಾಲಯೇಸುವಿನ ಹಾಡೆಂದು ಒಂದು ಮಗು ವರ್ಷವಿಡೀ ನಂಬಿತ್ತು. ಆತ್ಮದಿಂದ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂದು ಅಪೊಸ್ತಲನಾದ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದದ್ದರ ತೂಕ ನನಗೆ ತಿಳಿದದ್ದು ಅಂದು. ಹಾಡಿದವರಿಗೂ ಕೇಳಿದವರಿಗೂ ಮಾತು ಮುಟ್ಟದ ಹಾಡು, ಅದು ನೂರೈವತ್ತು ವರ್ಷ ಹಳೆಯದಾಗಿದ್ದರೂ ಸರಿ, ಆರಾಧನೆಯಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಡ್ರಮ್ಸ್ ವಿಷಯದಲ್ಲಿ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಬೈಬಲಿನ 150ನೆಯ ಕೀರ್ತನೆಯಲ್ಲಿ ದಮ್ಮಡಿಯೂ ಇದೆ, ಝಲ್ಲೆನ್ನುವ ತಾಳವೂ ಇದೆ. ಆದರೆ ಕಡೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೆ ತನ್ನ ಪಕ್ಕದವರ ದನಿಯೂ ಕೇಳಿಸದಷ್ಟು ಸದ್ದಾದರೆ, ಹಾಡುವುದು ಸಭೆಯಲ್ಲ, ವೇದಿಕೆಯ ಮೇಲಿನ ಐದು ಮಂದಿ ಮಾತ್ರ. ನಿಮ್ಮ ಯುವಕರು ಹೊಸ ಹಾಡನ್ನು ಅಭ್ಯಾಸ ಮಾಡುವ ಮೊದಲು, ಅದರ ಮಾತುಗಳನ್ನು ಧಾಟಿಯಿಲ್ಲದೆ ಗಟ್ಟಿಯಾಗಿ ಓದಿಸಿರಿ. ಓದುವಾಗ ಪ್ರಾರ್ಥನೆಯಂತೆ ಕೇಳಿಸಿದರೆ ಮುಂದಕ್ಕೆ ಹೋಗಿರಿ.

– ನಿವೃತ್ತ ಶಿಕ್ಷಕಿ, ಬಲ್ಮಠ, ಮಂಗಳೂರು

ಮಾನ್ಯರೇ,

ನಾನು ಕಥೋಲಿಕನಾದ್ದರಿಂದ ನಮ್ಮಲ್ಲಿ ನಡೆದದ್ದನ್ನು ತಿಳಿಸುತ್ತೇನೆ. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು (ಪೋಪ್) ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಿಯಾನೋವನ್ನೂ ಡೋಲಿನಂಥ ಸದ್ದಿನ ವಾದ್ಯಗಳನ್ನೂ ನಿಷೇಧಿಸಿದ್ದರು. ಅರುವತ್ತು ವರ್ಷಗಳ ತರುವಾಯ, 1963ರ ಡಿಸೆಂಬರಿನಲ್ಲಿ, ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯು ಗ್ರೆಗೋರಿಯನ್ ಗಾನವೆಂಬ ಪುರಾತನ ಲ್ಯಾಟಿನ್ ಹಾಡುಗಾರಿಕೆಗೆ ಅಗ್ರಸ್ಥಾನವನ್ನೂ ಪೈಪ್ ಆರ್ಗನ್ನಿಗೆ ಗೌರವವನ್ನೂ ಉಳಿಸಿಕೊಂಡೇ, ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆಯಾ ಜನಾಂಗದ ಸಂಗೀತಕ್ಕೆ ಮನ್ನಣೆ ಸಲ್ಲಬೇಕೆಂದೂ ಹೇಳಿತು.

ಆದರೆ ಸಿನಿಮಾ ಧಾಟಿಯ ಬಗ್ಗೆ ನಾನು ನಿಮ್ಮ ತಂದೆಯವರ ಪಕ್ಷ. ಧಾಟಿಯ ಬೆನ್ನಿಗೆ ಅದರ ನೆನಪೂ ಅಂಟಿಕೊಂಡು ಬರುತ್ತದೆ. ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ರೋಸ್ ಸಂಭ್ರಮದಲ್ಲಿ ವೊವಿಯೊ ಎಂಬ ಕೊಂಕಣಿ ಹಾಡುಗಳನ್ನು ಕೇಳಿದ ಕೂಡಲೇ ನಮಗೆ ತೆಂಗಿನ ಹಾಲು, ಚಪ್ಪರ, ಮದುಮಗಳು ಎಲ್ಲವೂ ಕಣ್ಣೆದುರು ಬರುತ್ತವೆ. ಹಾಗೆಯೇ ಪರಮಪ್ರಸಾದವನ್ನು ಸ್ವೀಕರಿಸುವ ಹೊತ್ತಿಗೆ ಪರಿಚಿತ ಸಿನಿಮಾ ಧಾಟಿ ಕೇಳಿದರೆ ಮನಸ್ಸು ಚಿತ್ರಮಂದಿರಕ್ಕೆ ಹೋಗಿಯೇ ಹೋಗುತ್ತದೆ. ಹಾಡಿನ ವಿಷಯಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ತಾನು ಪಾಪ ಮಾಡಿದೆನೆಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟು ದೊಡ್ಡವರಿಗೇ ಹಾಗಾಗಿದ್ದರೆ ನಮ್ಮ ಮಕ್ಕಳನ್ನು ಏಕೆ ಆ ಪರೀಕ್ಷೆಗೆ ಒಡ್ಡಬೇಕು? ಅವರಿಗೆ ಧಾಟಿ ಕಟ್ಟುವ ಶಕ್ತಿಯಿದೆಯಲ್ಲ, ಸ್ವಂತದ್ದನ್ನೇ ಕಟ್ಟಲಿ.

– ಓದುಗರು, ಕಲ್ಯಾಣಪುರ

ಸಹೋದರಿಯವರೇ,

ವಾದ್ಯವೇ ಬೇಡವೆನ್ನುವವರೂ ಕ್ರೈಸ್ತರಲ್ಲಿದ್ದಾರೆ, ನಾನು ಅವರಲ್ಲಿ ಒಬ್ಬ. ಸ್ವತಃ ನುರಿತ ವಾದಕನಾಗಿದ್ದ, ಹದಿನಾರನೆಯ ಶತಮಾನದ ಸ್ವಿಸ್ ಧರ್ಮಸುಧಾರಕ ಜ್ವಿಂಗ್ಲಿಯ ಸುಧಾರಣೆಯಿಂದಲೇ ಜ್ಯೂರಿಕ್ಕಿನ ಚರ್ಚುಗಳಲ್ಲಿ ಆರ್ಗನ್ ಮೌನವಾಯಿತು. ನಮ್ಮ ಕೂಟದಲ್ಲಿ ಯೇಸುವಿನ ನೆನಪಿಗಾಗಿ ರೊಟ್ಟಿ ಮುರಿಯುವಾಗ ಬರಿಯ ಕಂಠಗಳಷ್ಟೇ ಇರುತ್ತವೆ. ಅಪಸ್ವರವೂ ಬರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಇದನ್ನು ನಿಮ್ಮ ಸಭೆಯ ಮೇಲೆ ಹೇರಲಾರೆ. ತಿಂಗಳಿಗೆ ಒಂದು ಭಾನುವಾರ ಯುವಕರೂ ಹಿರಿಯರೂ ವಾದ್ಯಗಳನ್ನು ಬದಿಗಿರಿಸಿ ಒಟ್ಟಿಗೆ ಹಾಡಿ ನೋಡಬಹುದು. ಮೊದಲ ಗೀತೆಯನ್ನು ಆರಿಸುವ ಕೆಲಸವನ್ನು ನಿಮ್ಮ ತಂದೆಯವರಿಗೇ ವಹಿಸಿರಿ.

– ಓದುಗರು, ಉಡುಪಿ