ಕಾಕಾ ಹಾಕಿದ ಫಾರ್ವರ್ಡ್

‘ನಮ್ಮ ಮನಿ’ ಗುಂಪು, ಭಾನುವಾರ ರಾತ್ರಿ

ಮುಧೋಳ ಕಾಕಾ: (ಫಾರ್ವರ್ಡ್) ಎಚ್ಚರ! ಇನ್ನು ಮುಂದೆ ಲಸಿಕೆಗಳನ್ನು ಕಂಪ್ಯೂಟರಿನಲ್ಲೇ ತಯಾರಿಸುತ್ತಾರೆ. ಜೀನ್ ಓದಿ ಮಾಡುವ ಲಸಿಕೆ ನಮ್ಮ ಜೀನನ್ನೇ ಬದಲಿಸುತ್ತದೆ. ಎಲ್ಲರಿಗೂ ಕಳಿಸಿ.

ವಿಜಯಪುರ ಅತ್ತಿ: ಅಯ್ಯೋ ದೇವರೇ. ಮೊಮ್ಮಗಳಿಗೆ ಮುಂದಿನ ವಾರ ದಡಾರದ ಲಸಿಕೆ ಇದೆ.

ನಾನು: ಅತ್ತಿ, ತಪ್ಪಿಸಬೇಡಿ, ಹಾಕಿಸಿ. ಜೀನೋಮ್, ಅಂದರೆ ರೋಗಾಣುವಿನ ಎಲ್ಲ ಜೀನ್‌ಗಳ ಬರಹ, ಓದುವುದು ಶುರುವಾಗುವ ಎಷ್ಟೋ ಮೊದಲಿನ ಲಸಿಕೆ ಅದು. ಕಾಕಾ, ಈ ಫಾರ್ವರ್ಡ್ ಸುಳ್ಳು. ಓದುವುದು ರೋಗಾಣುವಿನ ಜೀನನ್ನು. ಪಕ್ಕದವರ ಹೊಲದ ಉತಾರ ತೆಗೆಸಿ ಓದಿದರೆ ನಿಮ್ಮ ಹೊಲದ ಬದು ಸರಿಯುತ್ತದೆಯೇ?

ಮುಧೋಳ ಕಾಕಾ: ಓದುವುದು ಸರಿ. ಆಮೇಲೆ ಚುಚ್ಚುವುದು ನಮಗೇ ಅಲ್ವಾ? 2022ರಲ್ಲಿ ಚರ್ಮಗಂಟು ರೋಗ ಬಂದಾಗ ಆಡಿನ ಸಿಡುಬಿನ ಲಸಿಕೆ ತಂದು ಎತ್ತಿಗೆ ಹಾಕಿದರು. ಐದನೇ ದಿನಕ್ಕೆ ಗಂಟು ಎದ್ದವು. ನನ್ನ ಕಿಲಾರಿ ಎತ್ತು ಹೋಯಿತು. ಆಡಿನದು ಎತ್ತಿಗೆ ಹೇಗೆ ಆಗುತ್ತದೆ, ಹೇಳವ್ವ ನೋಡೋಣ.

ನಾನು: ಎತ್ತು ಹೋದಾಗ ನೀವು ಎರಡು ದಿನ ಊಟ ಬಿಟ್ಟಿದ್ದಿರಿ, ನನಗೆ ನೆನಪಿದೆ. ಸುಮ್ನೆ ವಾದ ಗೆಲ್ಲಲು ಬರೆಯುತ್ತಿಲ್ಲ ಕಾಕಾ. ಚರ್ಮಗಂಟು, ಕುರಿ ಸಿಡುಬು, ಆಡು ಸಿಡುಬು ಮೂರೂ ಒಂದೇ ಬಳಗದ ವೈರಸ್. ಅವುಗಳ ಜೀನೋಮ್ ಪಕ್ಕಪಕ್ಕ ಇಟ್ಟು ಓದಿದರೆ ನೂರಕ್ಕೆ ಸುಮಾರು 97ರಷ್ಟು ಒಂದೇ. ಹಾಗಾಗಿಯೇ ಆಡಿನ ಲಸಿಕೆ ದನಕ್ಕೂ ನಡೆಯುತ್ತದೆ. ಆದರೆ ಅದು ಮೈಗೆ ಹತ್ತಲು ಎರಡು-ಮೂರು ವಾರ ಬೇಕು. ಐದನೇ ದಿನಕ್ಕೇ ಗಂಟು ಎದ್ದವು ಅಂದರೆ ಸೋಂಕು ಮೊದಲೇ ಹೊಕ್ಕಿರಬೇಕು. ರೋಗ ಊರಿಗೆ ಬಂದ ಮೇಲೆ ಲಸಿಕೆ ಬಂತು. ಆ ತಡದ ಮೇಲೆ ನನಗೂ ಸಿಟ್ಟಿದೆ.

ಮುಧೋಳ ಕಾಕಾ: ತಡವಾಗಿದ್ದು ನಿಜ.

ಜಮಖಂಡಿ ಅಣ್ಣ: ಕಂಪ್ಯೂಟರಿನಲ್ಲಿ ಮಾಡಿದರೆ ಪರೀಕ್ಷೆ ಬಿಟ್ಟುಬಿಡುತ್ತಾರೆ. ನನ್ನ ಹೆದರಿಕೆ ಅದು.

ನಾನು: ಅಣ್ಣಾ, ನಾನು ದಿನಾ ವಾಕಿಂಗ್ ಹೋಗುವುದು ಬೆಳಗಾವಿ ತಿಲಕವಾಡಿಯ ವ್ಯಾಕ್ಸಿನ್ ಡಿಪೋಗೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆಗೆಲ್ಲ ಅದನ್ನು ಬೆಳೆಸುತ್ತಿದ್ದುದು ಕರುವಿನ ಚರ್ಮದ ಮೇಲೆ. ಅಜ್ಜಿಯ ತೋಳಿನ ಮೇಲೆ ಗುಂಡನೆಯ ಕಲೆ ಇತ್ತಲ್ಲ, ಸಿಡುಬಿನ ಲಸಿಕೆಯದೇ. ಆದರೆ ಹಳೆಯ ದಾರಿ ಎಲ್ಲ ರೋಗಕ್ಕೂ ನಡೆಯಲಿಲ್ಲ. ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ತರುವ ಮೆನಿಂಗೊಕಾಕಸ್ ಬಿ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಒಂದೇ ದಿನದಲ್ಲಿ ಮಗುವಿನ ಜೀವ ತೆಗೆಯಬಲ್ಲದು. ಅದರ ಸಕ್ಕರೆಯ ಹೊದಿಕೆ ನಮ್ಮ ನರಕೋಶದ ಮೇಲಿರುವುದನ್ನೇ ಹೋಲುತ್ತದೆ. ಹಾಗಾಗಿ ಅದು ಹೊರಗಿನದು ಅಂತ ಮೈಗೆ ಸರಿಯಾಗಿ ಗೊತ್ತಾಗುವುದಿಲ್ಲ.

ನಾನು: ಇಟಲಿಯಲ್ಲಿ ರಿನೋ ರಾಪ್ಪುವೋಲಿ ಎಂಬ ವಿಜ್ಞಾನಿ ಮತ್ತು ಜೊತೆಯವರು ಹೊದಿಕೆ ಬಿಟ್ಟು, ಲಸಿಕೆಗೆ ಆಗಬಹುದಾದ ಪ್ರೋಟೀನನ್ನು ಜೀನೋಮಿನಲ್ಲಿ ಹುಡುಕಿದರು. 2000ರಲ್ಲಿ ಅದು ಪ್ರಕಟವಾಯಿತು. ಕಂಪ್ಯೂಟರ್ ಸುಮಾರು 600 ಪ್ರೋಟೀನ್ ತೋರಿಸಿತು. ಅವುಗಳಲ್ಲಿ 350ನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಇಲಿಗಳಿಗೆ ಚುಚ್ಚಿ ನೋಡಿದರು. ಕೊನೆಗೆ ಉಳಿದವು ಬೆರಳಲ್ಲಿ ಎಣಿಸುವಷ್ಟು. ಆಮೇಲೆ ಜನರ ಮೇಲೆ ಪರೀಕ್ಷೆ. ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಹದಿಮೂರು ವರ್ಷ! ಇದರಲ್ಲಿ ಪರೀಕ್ಷೆ ಎಲ್ಲಿ ಬಿಟ್ಟರು ಹೇಳು.

ಜಮಖಂಡಿ ಅಣ್ಣ: ಹಾಗಾದರೆ ಟಿಬಿಗೆ ಯಾಕೆ ಹೊಸದು ಬಂದಿಲ್ಲ? ಅದರ ಜೀನೋಮೂ ಓದಿರಬೇಕಲ್ಲ.

ನಾನು: 1998ರಲ್ಲೇ ಓದಿದ್ದಾರೆ. ಸುಮಾರು 4,000 ಜೀನ್. ಆದರೂ ನಮ್ಮ ಮಕ್ಕಳಿಗೆ ಇವತ್ತಿಗೂ ಹಾಕುವುದು 1921ರಲ್ಲಿ ಶುರುವಾದ ಬಿಸಿಜಿ. ಟಿಬಿ ಬ್ಯಾಕ್ಟೀರಿಯಾ ನಮ್ಮನ್ನು ಕಾಯುವ ಜೀವಕೋಶದ ಒಳಗೇ ಅಡಗಿ ಕೂರುತ್ತದೆ. ಯಾವ ಪ್ರೋಟೀನ್ ತೋರಿಸಿದರೆ ಮೈ ಅದನ್ನು ಹಿಡಿಯುತ್ತದೆ ಅಂತ ಜೀನೋಮ್ ಒಂದರಿಂದಲೇ ಗೊತ್ತಾಗುವುದಿಲ್ಲ. ಈ ಮಾತಿನಲ್ಲಿ ನೀನು ಸರಿ, ಅಣ್ಣಾ. ಹುಡುಕುವ ಜಾಗ ಸಿಕ್ಕಿತು ಅಂದ ಮಾತ್ರಕ್ಕೆ ಲಸಿಕೆ ಸಿಕ್ಕ ಹಾಗಲ್ಲ.

ವಿಜಯಪುರ ಅತ್ತಿ: ಮೊಮ್ಮಗಳನ್ನು ಮಂಗಳವಾರ ಕರೆದುಕೊಂಡು ಹೋಗುತ್ತೇನೆ.

ಮುಧೋಳ ಕಾಕಾ: ಆ ಫಾರ್ವರ್ಡ್ ನಮ್ಮ ಕಬ್ಬಿನವರ ಗುಂಪಿಗೂ ಹಾಕಿದ್ದೆ. ಈಗ ಅಳಿಸಲು ಬರುತ್ತಿಲ್ಲ. ನೀನು ಬರೆದಿದ್ದನ್ನು ಅಲ್ಲಿಗೂ ಹಾಕಲೇ?

ನಾನು: ಹಾಕಿ ಕಾಕಾ. ಟಿಬಿಯದೂ ಸೇರಿಸಿ ಹಾಕಿ, ಬಿಡಬೇಡಿ.