ಅಯಾನ್ ಸೋರ್ಸ್ ಸಿಮ್ಯುಲೇಶನ್‌ಗೆ ಓಪನ್ ಸೋರ್ಸ್ ಯಾವುದು ಒಳ್ಳೇದು?

ಪುಣೆ_ಎಮ್ಮೆಸ್ಸಿ
ಎಲ್ರಿಗೂ ನಮಸ್ಕಾರ. ಪುಣೆಲಿ ಎಂಎಸ್ಸಿ ಫಿಸಿಕ್ಸ್ ಮಾಡ್ತಿದೀನಿ. ಪ್ರಾಜೆಕ್ಟಿಗೆ ಅಯಾನ್ ಸೋರ್ಸಲ್ಲಿ, ಅಂದ್ರೆ ಅಯಾನ್ ಬೀಮ್ ಹುಟ್ಟಿಸೋ ಸಾಧನದಲ್ಲಿ, ಹೈಡ್ರೋಜನ್ ಪ್ಲಾಸ್ಮಾದಿಂದ 20 ಕೆವಿಯಲ್ಲಿ ಪ್ರೋಟಾನ್ ಬೀಮ್ ಎಳೆಯೋದನ್ನ ಸಿಮ್ಯುಲೇಟ್ ಮಾಡ್ಬೇಕು. ಮೂರು ಎಲೆಕ್ಟ್ರೋಡು, ತೂತಿನ ರೇಡಿಯಸ್ 3 ಮಿಮೀ, ಮೊದಲ ಗ್ಯಾಪ್ 1 ಸೆಂಮೀ. ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳೋದು ಆಗದ ಮಾತು. ಸೀನಿಯರ್ ಒಬ್ರು ವಾರ್ಪ್‌ಎಕ್ಸ್ ಅನ್ನೋ ಪ್ಲಾಸ್ಮಾ ಸಿಮ್ಯುಲೇಶನ್ ಕೋಡ್ ಹಾಕು ಅಂದ್ರು, ನನ್ನ ಹತ್ರ ಇರೋದು 8 ಜಿಬಿ ಲ್ಯಾಪ್‌ಟಾಪು. ಯಾವುದರಿಂದ ಶುರು ಮಾಡ್ಲಿ?

ಚೆಂಬೂರು_ಕನ್ನಡಿಗ
ಐಬಿಸಿಮು ಹಾಕಿ. ಫಿನ್‌ಲೆಂಡಿನ ಯುವಾಸ್ಕುಲಾ ಯೂನಿವರ್ಸಿಟಿಯ ತನೆಲಿ ಕಲ್ವಾಸ್ ಬರೆದ ಸಿ++ ಲೈಬ್ರರಿ, ಇದರ ಪೇಪರ್ 2010ರಲ್ಲಿ ಬಂತು, ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸು. ನಿಮ್ಮ ಕೆಲಸಕ್ಕಂತಲೇ ಮಾಡಿದ ಹಾಗಿದೆ.

ವಾರ್ಪ್‌ಎಕ್ಸ್ ದೊಡ್ಡ ಕೋಡು, 2022ರ ಗೋರ್ಡನ್ ಬೆಲ್ ಪ್ರಶಸ್ತಿ ಬಂದಿದ್ದು ಅದನ್ನ ಸೂಪರ್‌ಕಂಪ್ಯೂಟರ್‌ಗಳ ಮೇಲೆ ಓಡಿಸಿದ ಕೆಲಸಕ್ಕೆ. ಆದ್ರೆ ಅದು ಪಿಐಸಿ (ಪಾರ್ಟಿಕಲ್-ಇನ್-ಸೆಲ್, ಕಣಗಳನ್ನೇ ಗ್ರಿಡ್ಡಿನ ಮೇಲೆ ಓಡಿಸೋ ವಿಧಾನ), ಎಲೆಕ್ಟ್ರಾನ್‌ಗಳನ್ನೂ ಒಂದೊಂದಾಗಿ ಓಡಿಸಿದ್ರೆ ಗ್ರಿಡ್ಡಿನ ಮನೆ ಡಿಬೈ ಉದ್ದದಷ್ಟು (ಪ್ಲಾಸ್ಮಾ ಒಂದು ಚಾರ್ಜನ್ನ ಮರೆಮಾಡೋ ದೂರ) ಸಣ್ಣದಿರ್ಬೇಕು, 10 ಇವಿ ಎಲೆಕ್ಟ್ರಾನು, ಘನ ಸೆಂಮೀಗೆ 10 ಸಾವಿರ ಕೋಟಿ ಸಾಂದ್ರತೆ ಅಂದ್ರೆ ಅದು ಸುಮಾರು 0.07 ಮಿಮೀ, ಅದಕ್ಕೆ ತಕ್ಕ ಸಣ್ಣ ಟೈಮ್‌ಸ್ಟೆಪ್ ಬೇರೆ. ಲ್ಯಾಪ್‌ಟಾಪ್ ಸುಸ್ತಾಗತ್ತೆ. ಐಬಿಸಿಮು ಎಲೆಕ್ಟ್ರಾನ್‌ಗಳನ್ನ ಒಂದು ಸೂತ್ರದಲ್ಲಿ ಹಿಡಿದು, ಪಾಯ್ಸನ್ ಸಮೀಕರಣ (ಚಾರ್ಜಿಂದ ವೋಲ್ಟೇಜ್ ಕೊಡೋದು) ಬಿಡಿಸಿ, ಅಯಾನ್‌ಗಳ ದಾರಿ ಎಳೆದು, ಅವುಗಳ ಚಾರ್ಜನ್ನ ಗ್ರಿಡ್ಡಿಗೆ ಹಾಕಿ ಮತ್ತೆ ಬಿಡಿಸತ್ತೆ, ಉತ್ತರ ಬದಲಾಗದೆ ನಿಲ್ಲೋವರೆಗೂ ಹೀಗೇ. ಪ್ಲಾಸ್ಮಾದ ಅಂಚು ಎಲ್ಲಿ ಬಾಗಿ ನಿಲ್ಲತ್ತೆ ಅನ್ನೋದು ಅದರಿಂದಲೇ ಸಿಗತ್ತೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಅದೇ, ಬೀಮ್ ಚೆನ್ನಾಗಿ ಬರೋದೂ ಹದಗೆಡೋದೂ ಆ ಬಾಗಿನಲ್ಲೇ.

ಪ್ಲಾಸ್ಮಾದ ಒಳಗೆ ಏನಾಗ್ತಿದೆ ಅಂತ ಮಾತ್ರ ಇದು ಹೇಳಲ್ಲ. ನಿಮ್ಮ ಜಾಮೆಟ್ರಿ ಗುಂಡಗಿದೆ, ಮೊದಲು ಸಿಲಿಂಡ್ರಿಕಲ್‌ನಲ್ಲಿ ಮಾಡಿ, 3ಡಿ ಆಮೇಲೆ.

ಹುಬ್ಬಳ್ಳಿ_ಹುಡುಗ_ಠಾಣೆ
ತಮ್ಮಾ, ಕೋಡ್ ಓಡಿಸೋಕಿಂತ ಮೊದ್ಲ ಕೈಲೆ ಲೆಕ್ಕ ಮಾಡು. ಚೈಲ್ಡ್-ಲ್ಯಾಂಗ್ಮ್ಯೂರ್ ನಿಯಮದ (ಒಂದು ಗ್ಯಾಪಿನಾಗ ಗರಿಷ್ಠ ಎಷ್ಟು ಕರೆಂಟು ಎಳೀಬಹುದು ಅಂತ ಹೇಳೋದು) ಪ್ರಕಾರ 20 ಕೆವಿ, 1 ಸೆಂಮೀ ಗ್ಯಾಪಿಗೆ ಪ್ರೋಟಾನ್ ಚದರ ಸೆಂಮೀಗೆ ಸುಮಾರು 154 ಮಿಲಿಆಂಪ್, ನಿನ್ನ ತೂತಿಗೆ 43 ಮಿಲಿಆಂಪಿನ ಸುತ್ತಮುತ್ತ. ಸಿಮ್ಯುಲೇಶನ್ ಇದಕ್ಕಿಂತ ಭಾಳ ಜಾಸ್ತಿ ಕೊಟ್ರ ನಂಬಬ್ಯಾಡ. ಇನ್ನೊಂದು, ಹೈಡ್ರೋಜನ್ ಪ್ಲಾಸ್ಮಾದಾಗ ಬರೇ ಪ್ರೋಟಾನ್ ಇರಂಗಿಲ್ಲ, ಎರಡು ಮೂರು ಪರಮಾಣು ಸೇರಿದ ಅಯಾನೂ ಬರ್ತಾವು, ಅವನ್ನೂ ಬೀಮಿನ್ಯಾಗ ಹಾಕು.

ಪುಣೆ_ಎಮ್ಮೆಸ್ಸಿ
ತುಂಬಾ ಥ್ಯಾಂಕ್ಸ್ ಅಣ್ಣಾ, ಸರ್. ಲೆಕ್ಕ ಮಾಡಿದೆ, ಎರಡು ಪರಮಾಣುವಿನದಕ್ಕೆ 109 ಬಂತು. ನಡುವಿನ ಎಲೆಕ್ಟ್ರೋಡಿಗೆ ಮೈನಸ್ ಯಾಕೆ ಕೊಡ್ತಾರೆ?

ಚೆಂಬೂರು_ಕನ್ನಡಿಗ
109 ಸರಿ, ದ್ರವ್ಯರಾಶಿ ದುಪ್ಪಟ್ಟಾದ್ರೆ ಕರೆಂಟು ರೂಟ್ 2ರಷ್ಟು ಇಳಿಯತ್ತೆ. ಮೈನಸ್ ಇರೋದು ಆಚೆ ಬೀಮಿನ ದಾರಿಲಿ ಹುಟ್ಟೋ ಎಲೆಕ್ಟ್ರಾನ್‌ಗಳು ಸೋರ್ಸಿಗೆ ವಾಪಸ್ ಓಡದ ಹಾಗೆ ತಡೆಯೋಕೆ. ಅವು ಅಲ್ಲೇ ಉಳಿದ್ರೆ ಬೀಮಿನ ಪಾಸಿಟಿವ್ ಚಾರ್ಜನ್ನ ತಣಿಸ್ತಾವೆ, ಬೀಮ್ ಅಷ್ಟು ಬೇಗ ಅಗಲ ಆಗಲ್ಲ. ಮೈನಸ್ ಕೊಟ್ಟಷ್ಟು ಮೊದಲ ಗ್ಯಾಪಿನ ವೋಲ್ಟೇಜ್ ಜಾಸ್ತಿ ಆಗತ್ತೆ, ಲೆಕ್ಕದಲ್ಲಿ ಅದನ್ನೂ ಸೇರಿಸಿ. ಇಲ್ಲೇ ಮುಂಬೈನ ಟ್ರಾಂಬೆಯ ಬಿಎಆರ್‌ಸಿಲಿ (ಭಾಭಾ ಅಣು ಸಂಶೋಧನಾ ಕೇಂದ್ರ) ಲೆಹಿಪಾ ಅಂತ ಪ್ರೋಟಾನ್ ಆಕ್ಸಲರೇಟರ್ ಇದೆ, ಅಲ್ಲಿ ಸೋರ್ಸಿಂದ 50 ಕೆಇವಿಲಿ ಹೊರಟ ಬೀಮನ್ನ 20 ಎಂಇವಿಗೆ ಏರಿಸ್ತಾರೆ, ಅದರ ಪೇಪರ್‌ಗಳನ್ನ ಪಕ್ಕದಲ್ಲಿಟ್ಕೊಂಡು ಮಾಡಿ. ಕಂಪೈಲ್ ಮಾಡೋವಾಗ ಅದಕ್ಕೆ ಬೇಕಾದ ಜಿಎಸ್ಎಲ್ಲೋ ಜಿಟಿಕೆಯೋ ಲೈಬ್ರರಿ ಸಿಗಲಿಲ್ಲ ಅಂತ ಎರರ್ ಬಂದ್ರೆ ಇಲ್ಲೇ ಹಾಕಿ, ನೋಡೋಣ.